ಕತ್ತಲೆಯ ಬೆನ್ನು ಹತ್ತಿದ ಕನ್ನಡಿ

ಈ ಪತ್ರವನ್ನು ನೀವು ಮುಂಬೈಯಲ್ಲಿ ಓದುತ್ತಿರಬಹುದು, ಪುಣೆಯಲ್ಲಿ ಓದುತ್ತಿರಬಹುದು. ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲೂ ನಮ್ಮ ಓದುಗರಿದ್ದಾರೆ. ಈ ಐದೂ ಊರುಗಳಿಗೆ ಒಂದು ಸಮಾನ ಸಂಗತಿಯಿದೆ. ಒಂದು ಕಾಲಕ್ಕೆ ಇವೆಲ್ಲವೂ ನಕ್ಷತ್ರ ನೋಡುವ ಊರುಗಳಾಗಿದ್ದವು.

ದಿಲ್ಲಿಯಲ್ಲಿ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ ಜಂತರ್ ಮಂತರ್ ಇದೆ. ಅದರಲ್ಲಿ ಒಂದೇ ಒಂದು ಮಸೂರವಿಲ್ಲ. ಕಲ್ಲುಗಾರೆಯ ಯಂತ್ರ, ಬರಿಗಣ್ಣು, ಅಷ್ಟೆ. ಚೆನ್ನೈಯ ಎಗ್ಮೋರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ತನ್ನ ಸ್ವಂತ ಹವ್ಯಾಸಕ್ಕೆಂದು ಒಂದು ವೀಕ್ಷಣಾಲಯ ಇಟ್ಟುಕೊಂಡಿದ್ದ. ಅದೇ ಬೆಳೆದು 1792ರಲ್ಲಿ ನುಂಗಂಬಾಕ್ಕಂನ ಮದ್ರಾಸ್ ವೀಕ್ಷಣಾಲಯವಾಯಿತು. ಮುಂಬೈಯ ಕೊಲಾಬಾದಲ್ಲಿ 1826ರಲ್ಲಿ ಇನ್ನೊಂದು ಬಂತು. ಪುಣೆಯಲ್ಲಿ 1880ರ ದಶಕದಲ್ಲಿ ಮಹಾರಾಜ ತಖ್ತಸಿಂಗ್‌ಜಿ ವೀಕ್ಷಣಾಲಯ ಎದ್ದಿತು. ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತ ಹವ್ಯಾಸಿ 1901ರಲ್ಲಿ ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕ ತರಿಸಿ ನಿಜಾಮಿಯಾ ವೀಕ್ಷಣಾಲಯಕ್ಕೆ ಬೀಜ ಹಾಕಿದರು.

ಇಂದು ಈ ಐದೂ ಜಾಗಗಳಲ್ಲಿ ರಾತ್ರಿಯ ನಕ್ಷತ್ರ ಸಂಶೋಧನೆ ನಡೆಯುತ್ತಿಲ್ಲ. ಖಗೋಳ ವಿಜ್ಞಾನ ನಮ್ಮ ಊರುಗಳನ್ನು ಬಿಟ್ಟು ಹೋಗಿ ಬಹಳ ಕಾಲವಾಯಿತು. ವಾರಾಂತ್ಯದಲ್ಲಿ ದೂರದರ್ಶಕವನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು ನೂರು ಕಿಲೋಮೀಟರ್ ಹೊರಗೆ ಹೋಗುವ ಹವ್ಯಾಸಿ ಸಂಘಗಳು ಆ ವಲಸೆಯ ಹಾದಿಯಲ್ಲೇ ನಡೆಯುತ್ತಿವೆ. ಈ ವಲಸೆಯ ಕತೆಯನ್ನು ಹೇಳಲು ನಾನು ಒಂದು ಕನ್ನಡಿಯನ್ನು ಆರಿಸಿಕೊಂಡಿದ್ದೇನೆ. ಅದರ ಅಗಲ 20 ಅಂಗುಲ. ಅದನ್ನು ಉಜ್ಜಿ ರೂಪಿಸಿದವರು ಲಂಡನ್ನಿನ ಒಬ್ಬ ನೈರ್ಮಲ್ಯ ಎಂಜಿನಿಯರ್.

ವೈದ್ಯ, ಎಂಜಿನಿಯರ್, ಕಟ್ಟಡದ ಕಂಟ್ರಾಕ್ಟರ್

ಆಕಾಶದ ಆಳದಲ್ಲಿರುವ ಮಸುಕು ವಸ್ತುಗಳನ್ನು, ಅಂದರೆ ನೀಹಾರಿಕೆ ಮತ್ತು ಗ್ಯಾಲಕ್ಸಿಗಳನ್ನು ಫೋಟೋ ಹಿಡಿಯುವ ವಿದ್ಯೆ ದೊಡ್ಡ ಸರ್ಕಾರಿ ವೀಕ್ಷಣಾಲಯಗಳಲ್ಲಿ ಹುಟ್ಟಲಿಲ್ಲ. ಅದನ್ನು ಶುರು ಮಾಡಿದವರು ಸ್ವಂತ ದುಡ್ಡು, ಸ್ವಂತ ನಿದ್ದೆ ಖರ್ಚು ಮಾಡಿದ ಹವ್ಯಾಸಿಗಳು.

1880ರ ಸೆಪ್ಟೆಂಬರ್ 30ರ ರಾತ್ರಿ ಅಮೆರಿಕದ ನ್ಯೂಯಾರ್ಕ್ ಬಳಿ ಹೆನ್ರಿ ಡ್ರೇಪರ್ ಎಂಬ ವೈದ್ಯ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯತ್ತ ದೂರದರ್ಶಕ ತಿರುಗಿಸಿ 51 ನಿಮಿಷ ಎಕ್ಸ್‌ಪೋಷರ್ ಕೊಟ್ಟ. ಒಂದು ನೀಹಾರಿಕೆಯ ಮೊದಲ ಫೋಟೋ ಅದು. ಮಹಾವ್ಯಾಧ ಎಂದರೆ ನಮ್ಮ ಮೃಗಶಿರಾ, ಆರ್ದ್ರಾ ನಕ್ಷತ್ರಗಳಿರುವ ಭಾಗ. ಚಳಿಗಾಲದ ಸಂಜೆ ಪೂರ್ವದಲ್ಲಿ ಏರುವ, ನಡುಪಟ್ಟಿಯಂತೆ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ನೋಡದವರಿಲ್ಲ. ಆ ನಡುಪಟ್ಟಿಯಿಂದ ಇಳಿಬಿದ್ದ ಕತ್ತಿಯ ನಡುವೆ ಮಂಜಿನ ಚುಕ್ಕೆಯಂತಿರುವುದೇ ಆ ನೀಹಾರಿಕೆ. ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರ.

ಡ್ರೇಪರನ ಚಿತ್ರ ಮಸುಕಾಗಿತ್ತು. ಆತ 1882ರಲ್ಲೇ ತೀರಿಕೊಂಡ. ಮುಂದಿನ ಹೆಜ್ಜೆ ಇಟ್ಟವರು ಆಂಡ್ರ್ಯೂ ಐನ್‌ಸ್ಲೀ ಕಾಮನ್. ಹಗಲಿನಲ್ಲಿ ನೈರ್ಮಲ್ಯ ಎಂಜಿನಿಯರಿಂಗ್ ಕೆಲಸ, ರಾತ್ರಿ ಲಂಡನ್ನಿನ ಈಲಿಂಗ್‌ನಲ್ಲಿ ಮನೆಯ ಹಿತ್ತಿಲಲ್ಲಿ 36 ಅಂಗುಲದ ದೂರದರ್ಶಕ. 1883ರಲ್ಲಿ ಅವರು ಅದೇ ನೀಹಾರಿಕೆಯ ಚಿತ್ರ ತೆಗೆದರು. ಆ ಗಾಜಿನ ಪ್ಲೇಟಿನಲ್ಲಿ ಆ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದಾಗಲೂ ಕಾಣದ ನಕ್ಷತ್ರಗಳು ಮೂಡಿದ್ದವು. ಕಣ್ಣಿಗಿಂತ ಕ್ಯಾಮೆರಾ ಹೆಚ್ಚು ನೋಡಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು. 1884ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. 1888ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ಬಳಿ ಐಸಾಕ್ ರಾಬರ್ಟ್ಸ್ ಎಂಬ ಕಟ್ಟಡ ಕಂಟ್ರಾಕ್ಟರ್ ದೇವಯಾನಿ ನೀಹಾರಿಕೆಯ ಚಿತ್ರ ತೆಗೆದು ಅದರ ಸುರುಳಿ ಆಕಾರವನ್ನು ಲೋಕಕ್ಕೆ ತೋರಿಸಿದರು. ಅದು ಇನ್ನೊಂದು ಗ್ಯಾಲಕ್ಸಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕಾಮನ್ ಅವರ 36 ಅಂಗುಲದ ದೂರದರ್ಶಕ ಮುಂದೆ ಏನಾಯಿತು ಎಂಬುದು ನಮ್ಮ ಕತೆಗೆ ಮುನ್ಸೂಚನೆಯಂತಿದೆ. ಅದನ್ನು ಕೊಂಡ ಎಡ್ವರ್ಡ್ ಕ್ರಾಸ್ಲಿ ಹ್ಯಾಲಿಫ್ಯಾಕ್ಸ್ ಎಂಬ ಗಿರಣಿ ಊರಿನಲ್ಲಿ ನಿಲ್ಲಿಸಿದರು. ಅಲ್ಲಿನ ಹವೆ ಈ ಕೆಲಸಕ್ಕೆ ಆಗಿಬರದು ಎಂದು ತಿಳಿದ ಮೇಲೆ 1895ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಲಿಕ್ ವೀಕ್ಷಣಾಲಯಕ್ಕೆ ದಾನ ಕೊಟ್ಟರು. ಮಂಜು ಹೊಗೆಯ ಊರಿನಲ್ಲಿ ಸೊರಗಿದ್ದ ಯಂತ್ರ ಬೆಟ್ಟಕ್ಕೆ ಹೋದ ಮೇಲೆ ಕೆಲವು ವರ್ಷಗಳಲ್ಲಿ ಹೊಸ ನೀಹಾರಿಕೆಗಳನ್ನು ಸಾಲುಸಾಲಾಗಿ ತೋರಿಸಿತು. ಆಕಾಶ ನೋಡಲು ಯಂತ್ರ ಎಷ್ಟು ಮುಖ್ಯವೋ ಜಾಗವೂ ಅಷ್ಟೇ ಮುಖ್ಯ.

ಪುಣೆಯ ಹಸಿರು ಗೆರೆ

ಈಗ ಪುಣೆಗೆ ಬರೋಣ. ಕಾವಸ್‌ಜಿ ದಾದಾಭಾಯಿ ನೇಗಾಂವಾಲಾ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಾರ್ಸಿ ತರುಣ. 1882ರಲ್ಲಿ ಭಾವನಗರದ ಮಹಾರಾಜ ತಖ್ತಸಿಂಗ್‌ಜಿ ಐದು ಸಾವಿರ ರೂಪಾಯಿ ಕೊಟ್ಟರು. ಮುಂಬೈ ಸರ್ಕಾರ ಅಷ್ಟೇ ಮೊತ್ತ ಸೇರಿಸಿತು. ಆ ಹಣದಿಂದ ಮೊದಲಾದ ವೀಕ್ಷಣಾಲಯ ಕೊನೆಗೆ ನೆಲೆ ನಿಂತದ್ದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ. ಅದೇ ಮುಂದೆ ಪುಣೆ ಎಂಜಿನಿಯರಿಂಗ್ ಕಾಲೇಜಾಯಿತು.

ಆ ಕಾಲದ ದೊಡ್ಡ ಜಗಳವೊಂದು ನೀಹಾರಿಕೆಯ ಬೆಳಕಿನ ಬಗ್ಗೆ ಇತ್ತು. ಮಹಾವ್ಯಾಧದ ನೀಹಾರಿಕೆಯ ಬೆಳಕನ್ನು ಪಟ್ಟಕದಿಂದ ಬಿಡಿಸಿ ರೋಹಿತ ಮಾಡಿದರೆ ಒಂದು ಹಸಿರು ಗೆರೆ ಎದ್ದು ಕಾಣುತ್ತದೆ. ಅದು ಯಾವ ವಸ್ತುವಿನದು? ಇಂಗ್ಲೆಂಡಿನ ನಾರ್ಮನ್ ಲಾಕ್ಯರ್, ಅದು ಮೆಗ್ನೀಸಿಯಂನ ಅಗಲ ಪಟ್ಟಿಯೊಂದರ ಅಂಚು, ನೀಹಾರಿಕೆಗಳೆಂದರೆ ಒಂದಕ್ಕೊಂದು ಬಡಿದುಕೊಳ್ಳುವ ಉಲ್ಕೆಗಳ ರಾಶಿ ಎಂದು ವಾದಿಸುತ್ತಿದ್ದರು. ವಿಲಿಯಂ ಹಗಿನ್ಸ್ ಒಪ್ಪಲಿಲ್ಲ. ನೇಗಾಂವಾಲಾ ಇಂಗ್ಲೆಂಡಿಗೆ ಹೋದಾಗ ಒಡನಾಡಿದ್ದು ಲಾಕ್ಯರ್ ಅವರೊಂದಿಗೆ. ಆದರೂ 1891ರಲ್ಲಿ ಪುಣೆಯ ಆಕಾಶದಡಿ ನೋಡಿದಾಗ ಆ ಗೆರೆ ಚೂಪಾಗಿ, ಸಣ್ಣದಾಗಿ ಕಂಡಿತು. ಪಟ್ಟಿಯ ಅಂಚಿಗೆ ಇರಬೇಕಾದ ಹರಡಿಕೆ ಅದರಲ್ಲಿ ಇರಲಿಲ್ಲ. ಕಂಡದ್ದನ್ನೇ ಅವರು ಬರೆದು ಲಂಡನ್ನಿಗೆ ಕಳಿಸಿದರು. ಗುರುವಿನಂತಿದ್ದವರ ವಾದಕ್ಕೆ ವಿರುದ್ಧವಾದ ಸಾಕ್ಷ್ಯ ಅದು.

ಆ ಹಸಿರು ಗೆರೆಯ ಗುಟ್ಟು ಒಡೆದದ್ದು 1927ರಲ್ಲಿ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, ಭೂಮಿಯ ಮೇಲೆ ಎಲ್ಲೂ ಇಲ್ಲದಷ್ಟು ತೆಳುವಾದ ಅನಿಲದಲ್ಲಿ, ಆ ಬೆಳಕು ಬೀರುತ್ತದೆ ಎಂದು ಐರಾ ಬೋವೆನ್ ತೋರಿಸಿದರು. ಅದರ ತರಂಗಾಂತರ 500.7 ನ್ಯಾನೋಮೀಟರ್. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಅದು ಮತ್ತೆ ಬರುತ್ತದೆ.

ಪುಣೆಯ ಈ ವೀಕ್ಷಣಾಲಯಕ್ಕೆ ಬಂದದ್ದೇ ನಾನು ಹೇಳಿದ 20 ಅಂಗುಲದ ಕನ್ನಡಿ. ಉಜ್ಜಿದವರು ಈಲಿಂಗ್‌ನ ಕಾಮನ್. ಅದನ್ನು ಹೊತ್ತ ಯಂತ್ರ ಡಬ್ಲಿನ್ನಿನ ಗ್ರಬ್ ಕಂಪನಿಯದು. ಬಹುಕಾಲ ಭಾರತದ ಅತಿ ದೊಡ್ಡ ದೂರದರ್ಶಕ ಅದೇ.

ಕನ್ನಡಿಯ ವಲಸೆ

1912ರಲ್ಲಿ ನೇಗಾಂವಾಲಾ ನಿವೃತ್ತರಾದರು. ವೀಕ್ಷಣಾಲಯ ಮುಚ್ಚಿತು. ಯಂತ್ರಗಳು ಕೊಡೈಕನಾಲ್ ಬೆಟ್ಟಕ್ಕೆ ಹೋದವು. ಅಲ್ಲಿ ಸೂರ್ಯನ ಅಧ್ಯಯನವೇ ಮುಖ್ಯವಾಗಿದ್ದರಿಂದ ಈ ದೂರದರ್ಶಕ ಸರಿಯಾಗಿ ಸ್ಥಾಪನೆಯಾಗಲು 1951 ಬರಬೇಕಾಯಿತು. ಅಲ್ಲಿ ಅದಕ್ಕೆ ಭಾವನಗರ ದೂರದರ್ಶಕ ಎಂಬ ಹೆಸರು ನಿಂತಿತು.

ಕನ್ನಡಿಯಷ್ಟೇ ಅಲ್ಲ, ಎಲ್ಲವೂ ಹೊರಟವು. ಮದ್ರಾಸಿನಲ್ಲಿ 1861ರಲ್ಲಿ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟಿದ್ದರು. 1867ರಲ್ಲಿ ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿದ್ದರು. 1874ರ ಶುಕ್ರ ಸಂಕ್ರಮದ ಹೊತ್ತಿಗೆ ಜನಸಾಮಾನ್ಯರಿಗಾಗಿ ಸಂಭಾಷಣೆಯ ರೂಪದ ಪುಸ್ತಿಕೆ ಬರೆದು, ಅದನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ತರಲು ಶ್ರಮಿಸಿದವರು ಅವರು. ಆ ಮದ್ರಾಸಿನ ಖಗೋಳ ಕೆಲಸ 1899ರಲ್ಲಿ ಕೊಡೈಕನಾಲಿಗೆ ಸಾಗಿತು. ನುಂಗಂಬಾಕ್ಕಂನ ಹವಾಮಾನ ಕಚೇರಿಯ ಆವರಣದಲ್ಲಿ ಹಳೆಯ ದೂರದರ್ಶಕವನ್ನು ಹೊತ್ತಿದ್ದ ಗ್ರಾನೈಟ್ ಕಂಬ ಇಂದಿಗೂ ನಿಂತಿದೆ.

ಕೊಲಾಬಾದ ಕತೆ ಇನ್ನೂ ವಿಚಿತ್ರ. ಅಲ್ಲಿ ನಕ್ಷತ್ರಗಳಿಗಿಂತ ಭೂಮಿಯ ಕಾಂತಗುಣದ ಅಳತೆಯೇ ಮುಖ್ಯವಾಗಿತ್ತು. ಮುಂಬೈ ಟ್ರಾಮುಗಳಿಗೆ ಕುದುರೆ ಬಿಡಿಸಿ ವಿದ್ಯುತ್ ಹೂಡುವ ಮಾತು ಬಂದಾಗ, ಆ ವಿದ್ಯುತ್ತು ಕಾಂತದ ಸೂಜಿಗಳನ್ನು ಅಲ್ಲಾಡಿಸುತ್ತದೆ ಎಂದು 1904ರಲ್ಲಿ ಖಾಡಿಯಾಚೆಯ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಹೈದರಾಬಾದಿನ ನಿಜಾಮಿಯಾದವರು ಬೇಗಂಪೇಟೆಯಲ್ಲಿ ಕೂತು, ಇಡೀ ಆಕಾಶದ ಫೋಟೋ ನಕ್ಷೆ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ತಮ್ಮ ಪಾಲಿನ ದಕ್ಷಿಣದ ಪಟ್ಟಿಯನ್ನು ಗಾಜಿನ ಪ್ಲೇಟುಗಳಲ್ಲಿ ಹಿಡಿದು ಲಕ್ಷಾಂತರ ನಕ್ಷತ್ರಗಳ ಸ್ಥಾನ ಅಳೆದಿದ್ದರು. ಊರು ಬೆಳೆಯಿತು. 1960ರ ದಶಕದಲ್ಲಿ ಅವರು 48 ಅಂಗುಲದ ಹೊಸ ದೂರದರ್ಶಕವನ್ನು ನಗರದ ಹೊರಗೆ ಜಪಾಲ್-ರಂಗಾಪುರದಲ್ಲಿ ನಿಲ್ಲಿಸಿದರು.

ನಿಜಾಮಿಯಾದ ಸಹಾಯಕರೊಬ್ಬರ ಮಗ ಕೊಡೈಕನಾಲಿನ ನಿರ್ದೇಶಕರಾಗಿ 1960ರಲ್ಲಿ ಬಂದರು. ಅವರೇ ವೇಣು ಬಾಪು. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ, ಫೋಟೋ ಪ್ಲೇಟಿನ ಮೇಲೆ ಹೊಸ ಧೂಮಕೇತುವನ್ನು ಕಂಡು ಅದಕ್ಕೆ ತಮ್ಮ ಹೆಸರು ಸೇರಿಸಿದವರು. ಕೊಡೈಕನಾಲಿನ ಮೋಡ ಮಂಜು ರಾತ್ರಿಯ ಕೆಲಸಕ್ಕೆ ಸಾಲದೆಂದು ಅವರು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರನ್ನು ಆರಿಸಿದರು. ಅಲ್ಲಿ ಕೆಲಸ 1968ರಲ್ಲಿ ಶುರುವಾಯಿತು. ಅವರು ಕಂಡ ಕನಸಿನ 2.34 ಮೀಟರ್ ದೂರದರ್ಶಕ 1986ರಲ್ಲಿ ಉದ್ಘಾಟನೆಯಾದಾಗ ಬಾಪು ತೀರಿಕೊಂಡು ಮೂರು ವರ್ಷ ದಾಟಿತ್ತು. ದೂರದರ್ಶಕಕ್ಕೆ ಅವರ ಹೆಸರನ್ನೇ ಇಟ್ಟರು.

ಕಾಮನ್ ಕನ್ನಡಿ? 1984ರಲ್ಲಿ ಭಾವನಗರ ದೂರದರ್ಶಕವನ್ನು ಲೇಹ್ ಬಳಿಗೆ ಒಯ್ದರು. ಹಿಮಾಲಯದಾಚೆಯ ಒಣ ಆಕಾಶ ಎಷ್ಟು ಚೆನ್ನಾಗಿದೆ ಎಂದು ಅಳೆಯುವ ಕೆಲಸ ಅದರ ಪಾಲಿಗೆ ಬಂತು. ಲಂಡನ್ನಿನ ಹವ್ಯಾಸಿಯ ಕೈಯಿಂದ ಪುಣೆಗೆ, ಅಲ್ಲಿಂದ ಕೊಡೈಗೆ, ಅಲ್ಲಿಂದ ಲಡಾಖಿಗೆ. ಮುಂದೆ ಲಡಾಖಿನದೇ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಬಂತು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಬೆಂಗಳೂರಿನ ಮಗ್ಗುಲಲ್ಲಿ ಕೂತು ಲಡಾಖಿನ ಆಕಾಶ ನೋಡುವ ಸ್ಥಿತಿ ಅದು.

ಅಮಾವಾಸ್ಯೆಯ ಹತ್ತಿರದ ಶನಿವಾರ

ದೊಡ್ಡ ಸಂಸ್ಥೆಗಳು ಹೀಗೆ ಹೊರಟ ಮೇಲೆ ಊರಿನಲ್ಲಿ ಉಳಿದವರು ಹವ್ಯಾಸಿಗಳು. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರದು. ದೇಶದ ಅತ್ಯಂತ ಹಳೆಯ ಹವ್ಯಾಸಿ ಖಗೋಳ ಸಂಘವೆಂದು ಅದಕ್ಕೆ ಹೆಸರು. ಬೆಂಗಳೂರಿನ ಹವ್ಯಾಸಿಗಳ ಸಂಘ 1970ರ ದಶಕದ್ದು. ಮುಂಬೈಯ ಖಗೋಲ ಮಂಡಲ ಹ್ಯಾಲಿ ಧೂಮಕೇತು ಬಂದುಹೋದ 1980ರ ದಶಕದಲ್ಲಿ ಹುಟ್ಟಿತು. ಮೈಸೂರಿನಲ್ಲಿ ಜಿ. ಟಿ. ನಾರಾಯಣರಾಯರು ಕನ್ನಡದಲ್ಲಿ ಬರೆದೂ ಬರೆದೂ, ಜನರನ್ನು ಬಯಲಿಗೆ ಕರೆದೊಯ್ದು ತೋರಿಸಿಯೂ ಒಂದು ತಲೆಮಾರಿಗೆ ನಕ್ಷತ್ರ ಪರಿಚಯ ಮಾಡಿಸಿದರು.

ಈ ಸಂಘಗಳ ರಾತ್ರಿ ಹೇಗಿರುತ್ತದೆ? ಅಮಾವಾಸ್ಯೆಗೆ ಹತ್ತಿರದ ಶನಿವಾರ ಆರಿಸುತ್ತಾರೆ. ಮುಂಬೈಯವರು ಕರ್ಜತ್ ಲೋಕಲ್ ಹಿಡಿದು ವಾಂಗಣಿಗೆ ಇಳಿಯುತ್ತಾರೆ. ಅಲ್ಲೂ ಈಗ ಬದ್ಲಾಪುರ, ಕಲ್ಯಾಣದ ಕಡೆಯ ದಿಗಂತ ಬೆಳ್ಳಗಿರುತ್ತದೆ. ಮೊಬೈಲ್ ಒಳಗಿಡಿ ಎಂಬುದು ಮೊದಲ ನಿಯಮ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಬಿಳಿ ಟಾರ್ಚು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಅದಕ್ಕೇ ಎಲ್ಲರ ಕೈಯಲ್ಲೂ ಕೆಂಪು ಕಾಗದ ಸುತ್ತಿದ ಟಾರ್ಚು. ಒಂದು ಕಡೆ ಹೊಸಬರು ದೂರದರ್ಶಕದ ಮುಂದೆ ಸಾಲು ನಿಂತು ಶನಿಯ ಬಳೆ ನೋಡುತ್ತಾರೆ. ಇನ್ನೊಂದು ಮೂಲೆಯಲ್ಲಿ ಫೋಟೋದವರು ತಮ್ಮ ಪಾಡಿಗೆ ಇರುತ್ತಾರೆ.

ಆ ಮೂಲೆಯ ಕೆಲಸವೆಲ್ಲ ಭೂಮಿ ತಿರುಗುವುದರ ವಿರುದ್ಧ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಕ್ಯಾಮೆರಾ ಸುಮ್ಮನೆ ನಿಂತರೆ ಕೆಲವೇ ಸೆಕೆಂಡಿನಲ್ಲಿ ನಕ್ಷತ್ರ ಚುಕ್ಕೆ ಹೋಗಿ ಗೀಟಾಗುತ್ತದೆ. ಆದ್ದರಿಂದ ದೂರದರ್ಶಕವನ್ನು ಹೊತ್ತ ಯಂತ್ರದ ಅಕ್ಷವನ್ನು ಧ್ರುವದ ಕಡೆಗೆ ಹೊಂದಿಸಿ, ಆಕಾಶದ ಜೊತೆಗೇ ನಿಧಾನವಾಗಿ ತಿರುಗಿಸಬೇಕು. ಧ್ರುವನ ಎತ್ತರ ಆಯಾ ಊರಿನ ಅಕ್ಷಾಂಶದಷ್ಟೇ. ದಿಲ್ಲಿಯಲ್ಲಿ 28 ಡಿಗ್ರಿಗಿಂತ ಮೇಲೆ, ಮುಂಬೈಯಲ್ಲಿ 19, ಹೈದರಾಬಾದಿನಲ್ಲಿ 17. ಚೆನ್ನೈ, ಬೆಂಗಳೂರಿನವರಿಗೆ ಬರೀ 13. ದಿಗಂತದ ಧೂಳಿನಲ್ಲಿ ಧ್ರುವನನ್ನು ಹುಡುಕುವುದೇ ಅವರಿಗೆ ರಾತ್ರಿಯ ಮೊದಲ ಪರೀಕ್ಷೆ.

ಆಮೇಲೆ ಡ್ರೇಪರನಂತೆ 51 ನಿಮಿಷದ ಒಂದೇ ಎಕ್ಸ್‌ಪೋಷರ್ ಯಾರೂ ಕೊಡುವುದಿಲ್ಲ. ಎರಡು ಮೂರು ನಿಮಿಷದ ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಬೀಳುತ್ತದೆ, ಕ್ಯಾಮೆರಾದ ಗದ್ದಲ ಎಲ್ಲೆಂದರಲ್ಲಿ ಚೆಲ್ಲುತ್ತದೆ. ನೂರು ಚಿತ್ರಗಳ ಸರಾಸರಿಯಲ್ಲಿ ಆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ನಡುನಡುವೆ ಮುಚ್ಚಳ ಹಾಕಿ ಬರೀ ಕತ್ತಲೆಯ ಫೋಟೋವನ್ನೂ ತೆಗೆಯುತ್ತಾರೆ. ಸೆನ್ಸರಿನ ಸ್ವಂತ ದೋಷ ಎಷ್ಟೆಂದು ತಿಳಿದು, ಅದನ್ನು ಕಳೆಯುವುದಕ್ಕೆ. ಬೆಳಗಿನ ಜಾವ ನಾಲ್ಕರವರೆಗೆ ಕೂತರೂ ಅಂದೇ ಚಿತ್ರ ಸಿಗುವುದಿಲ್ಲ. ಮನೆಗೆ ಹೋಗಿ, ವಾರಗಟ್ಟಲೆ ಕೂಡಿಸಿ ಕಳೆದ ಮೇಲೆ ಒಂದು ಚಿತ್ರ.

ಕ್ಯಾಮೆರಾ ಉಳಿಸಿದ್ದು, ಕಣ್ಣು ಕಳೆದುಕೊಂಡದ್ದು

ಈಗ ಆ 500.7ಕ್ಕೆ ಮರಳೋಣ. ಇಂದು ಪುಣೆ ಅಥವಾ ಮುಂಬೈಯ ತಾರಸಿಯಿಂದಲೇ ಒಳ್ಳೆಯ ನೀಹಾರಿಕೆ ಚಿತ್ರ ತೆಗೆಯುವವರಿದ್ದಾರೆ. ಅವರು ಬಳಸುವುದು ಅತಿ ಸಣ್ಣ ಬೆಳಕಿನ ಕಿಂಡಿಯ ಫಿಲ್ಟರ್. ಒಂದು ಫಿಲ್ಟರ್ ಹೈಡ್ರೋಜನ್ನಿನ 656.3 ನ್ಯಾನೋಮೀಟರಿನ ಕೆಂಪನ್ನು ಬಿಡುತ್ತದೆ. ಇನ್ನೊಂದು ಆಮ್ಲಜನಕದ ಹಸಿರನ್ನು. ನೇಗಾಂವಾಲಾ ಚೂಪಾಗಿದೆ ಎಂದು ಬರೆದ ಅದೇ ಗೆರೆ. ಅದು ಅಷ್ಟು ಚೂಪಾಗಿರುವುದರಿಂದಲೇ ಈ ಉಪಾಯ ಫಲಿಸುತ್ತದೆ. ನೀಹಾರಿಕೆಯ ಬೆಳಕೆಲ್ಲ ಕಿಂಡಿಯಲ್ಲಿ ನುಸುಳುತ್ತದೆ, ಊರಿನ ಬೆಳಕಿನ ಬಹುಪಾಲು ಹೊರಗುಳಿಯುತ್ತದೆ.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಗ್ಯಾಲಕ್ಸಿಗಳ ಬೆಳಕು ನಕ್ಷತ್ರಗಳ ಬೆಳಕು. ಅದು ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ, ಯಾವ ಕಿಂಡಿಗೂ ಸಿಕ್ಕದು. 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಬರುವ ದೇವಯಾನಿಯ ಬೆಳಕನ್ನು ಬೀದಿದೀಪದ ಬೆಳಕಿನಿಂದ ಬೇರ್ಪಡಿಸುವ ಫಿಲ್ಟರ್ ಇಲ್ಲ. ಹಳೆಯ ಹಳದಿ ಸೋಡಿಯಂ ದೀಪಗಳ ಬೆಳಕು ಬಹುಮಟ್ಟಿಗೆ ಕೆಲವೇ ಬಣ್ಣಗಳಲ್ಲಿತ್ತು, ಸೋಸಬಹುದಿತ್ತು. ಈಗ ಎಲ್ಲ ಕಡೆ ಬಿಳಿ ಎಲ್‌ಇಡಿ. ಅದೂ ನಕ್ಷತ್ರದಂತೆ ಎಲ್ಲ ಬಣ್ಣಗಳಲ್ಲಿ ಚೆಲ್ಲುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. 1883ರಲ್ಲಿ ಕಾಮನ್ ಅವರ ಪ್ಲೇಟು ಕಣ್ಣನ್ನು ಮೀರಿಸಿದಾಗ ಕಣ್ಣಿಗೂ ತನ್ನ ಪಾಲಿನ ಆಕಾಶ ಇತ್ತು. ಈಗ ತಾರಸಿಯ ಹವ್ಯಾಸಿಯ ಪರದೆಯ ಮೇಲೆ ನೀಹಾರಿಕೆ ಹೊಳೆಯುತ್ತಿರುವಾಗ ತಲೆ ಎತ್ತಿದರೆ ಹತ್ತು ಹದಿನೈದು ನಕ್ಷತ್ರ. ಆಕಾಶಗಂಗೆಯನ್ನು ಒಮ್ಮೆಯೂ ನೋಡದ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಊರಿಗೆ ಹೋದಾಗ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ನೋಡಿದ ನೆನಪು ನಮ್ಮಲ್ಲಿ ಕೆಲವರಿಗಿದೆ. ಅವರಿಗೆ ಅದೂ ಇಲ್ಲ. ಫೋಟೋದಲ್ಲಿ ನೋಡಿದವರಿಗೆ ಅದು ಎಲ್ಲೋ ದೂರದ ವಸ್ತು, ಬಟ್ಟಬಯಲಲ್ಲಿ ನೋಡಿದವರಿಗೆ ತಮ್ಮ ತಲೆಯ ಮೇಲಿನದು.

ಧೂಳು, ಹೊಗೆ, ಮೋಡಗಳನ್ನು ನಾವು ಒಂದೇ ದಿನದಲ್ಲಿ ಬದಲಿಸಲಾರೆವು. ಬೆಳಕನ್ನು ಬದಲಿಸಬಹುದು. ಹಾನ್ಲೆಯ ಸುತ್ತ ಸುಮಾರು 22 ಕಿಲೋಮೀಟರ್ ತ್ರಿಜ್ಯದ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿನ ಜನ ಕಿಟಕಿಗೆ ದಪ್ಪ ಪರದೆ ಕಟ್ಟಿದರು, ದೀಪಗಳಿಗೆ ಮೇಲಿಂದ ಮುಚ್ಚಿಗೆ ಹಾಕಿದರು. ಹಳ್ಳಿಯವರಿಗೇ ದೂರದರ್ಶಕ ಕೊಟ್ಟು, ಬಂದ ಪ್ರವಾಸಿಗಳಿಗೆ ಆಕಾಶ ತೋರಿಸುವ ತರಬೇತಿ ಕೊಟ್ಟರು. ಈಗ ಅಲ್ಲಿ ಕತ್ತಲೆಯಿಂದ ಜನರಿಗೆ ಆದಾಯವಿದೆ. ದೇಶದ ಮೂಲೆ ಮೂಲೆಯ ಹವ್ಯಾಸಿಗಳು ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತಾರೆ.

ಥಾಣೆಯೋ ಕೊಥ್ರೂಡೋ ಹಾನ್ಲೆಯಾಗಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ನಿಮ್ಮ ಸೊಸೈಟಿಯ ಅಂಗಳದಲ್ಲಿ ಮೇಲ್ಮುಖವಾಗಿ ಉರಿಯುವ ಫ್ಲಡ್‌ಲೈಟ್ ಯಾರಿಗೆ ದಾರಿ ತೋರಿಸುತ್ತಿದೆ? ಅದನ್ನು ನೆಲದ ಕಡೆ ತಿರುಗಿಸಲು, ಹಳದಿ ಬಣ್ಣದ ಬಲ್ಬು ಹಾಕಲು, ಹನ್ನೊಂದರ ಮೇಲೆ ಆರಿಸಲು ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಮಾತು ಸಾಕು. ಕರೆಂಟು ಬಿಲ್ಲೂ ಇಳಿಯುತ್ತದೆ, ಅಷ್ಟು ಹೇಳಿದರೆ ಖಜಾಂಚಿ ಒಪ್ಪಿಯಾರು.

ಪರಿಣಾಮ ಅಳೆಯಲು ಯಂತ್ರ ಬೇಡ. ಜನವರಿಯ ಒಂದು ಅಮಾವಾಸ್ಯೆಯ ಸಂಜೆ, ಎಂಟರ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗಿ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ ಸಿಕ್ಕ ಮೇಲೆ ಅದರ ಕೆಳಗೆ ಕತ್ತಿಯನ್ನು ಹುಡುಕಿ. ಅಲ್ಲಿ ಎಷ್ಟು ಚುಕ್ಕೆ ಕಂಡವೆಂದು ಬರೆದಿಡಿ. ದೀಪ ತಿರುಗಿಸಿದ ಮೇಲೆ, ಮರುವರ್ಷ, ಅದೇ ಜಾಗದಿಂದ ಮತ್ತೆ ಎಣಿಸಿ.